ದಂತವೈದ್ಯನನ್ನು ದಂತವೈದ್ಯನೇ ಪರೀಕ್ಷಿಸುವುದು

ಕಾನೂನಿನಂತೆ ವೈದ್ಯನ ಹೆಸರೂ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಅವನ ಚಿಕಿತ್ಸಾಲಯವೂ ನೋಂದಣಿಯಾಗಬೇಕು. ಹಲ್ಲನ್ನು ಸರಿಯಾಗಿ ಕೊರೆದನೇ ಎಂಬುದನ್ನು ಮಾತ್ರ ಈ ನೋಂದಣಿಗಳು ಹೇಳಲಾರವು. ಅದನ್ನು ಹೇಳಬಲ್ಲವನು ಅದೇ ವೃತ್ತಿಯ ಇನ್ನೊಬ್ಬನು.

ಉಪಕರಣಗಳನ್ನು ಒತ್ತಡದ ಹಬೆಯಲ್ಲಿ, 121 ಡಿಗ್ರಿ ಶಾಖದಲ್ಲಿ, ಕನಿಷ್ಠ 15 ನಿಮಿಷ ಇಟ್ಟರೇ ಎಂದು ಯಾರಾದರೂ ಕೇಳಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಎನಾಮೆಲು ರೂಪುಗೊಳ್ಳುವ ಎಳೆತನದಲ್ಲಿ ಅದನ್ನು ಕುಡಿದವರ ಹಲ್ಲಿನಲ್ಲಿ ಕಂದು ಕಲೆ ನಿಲ್ಲುತ್ತದೆ. ಬರಿಯ ಕಲೆ ಹುಳುಕಲ್ಲ. ಹುಳುಕೆಂದು ಬಗೆದು ಕೊರೆದರೆ ಗಟ್ಟಿ ಹಲ್ಲೇ ಹೋಯಿತು. ತುಂಬಿದ ಮೇಲೆ ಸಾಕ್ಷಿಯೂ ಉಳಿಯದು. ಆದುದರಿಂದ ಪರೀಕ್ಷಕನು ಮೊದಲು ಕೇಳಬೇಕಾದುದು ಚಿಕಿತ್ಸೆಗೆ ಮುಂಚಿನ ಬರಹವನ್ನು, ಕ್ಷ-ಕಿರಣ ಚಿತ್ರವನ್ನು. ರೋಗಿ ಯಾವ ಊರಿನ ನೀರು ಕುಡಿದು ಬೆಳೆದನೆಂಬುದೂ ಆ ಬರಹದಲ್ಲಿರಬೇಕು.

ಚಿಕ್ಕ ಪಟ್ಟಣದಲ್ಲಿ ಪರೀಕ್ಷಕನೂ ಪರೀಕ್ಷಿತನೂ ಪರಿಚಿತರು, ಒಮ್ಮೊಮ್ಮೆ ಪ್ರತಿಸ್ಪರ್ಧಿಗಳು; ದಾಕ್ಷಿಣ್ಯ, ಮತ್ಸರ ಎರಡೂ ಕಣ್ಣಿಗೆ ಪರೆ ಕಟ್ಟುತ್ತವೆ. ಚಿಂತಾಮಣಿಯವನನ್ನು ಗೌರಿಬಿದನೂರಿನವನು ನೋಡುವುದು ಮೇಲೆಂದು ನಮಗೆ ತೋರುತ್ತದೆ. ಇಬ್ಬರೂ ಒಂದೇ ಹಲ್ಲನ್ನು ಬೇರೆಬೇರೆಯಾಗಿ ನೋಡಿ, ಡೀನ್ 1942ರಲ್ಲಿ ಪರಿಷ್ಕರಿಸಿದ ಶ್ರೇಣಿಯಂತೆ ಗುರುತಿಟ್ಟು, ಆಮೇಲೆ ಹೋಲಿಸಬೇಕು.