ಬೈಕಿಗೊಂದು ‘ಪೆಟ್ಟಿಗೆ’ ಬೇಕೇ?

“ಉಸ್ತಾದ್, ಮಗ ಬೈಕಿಗೆ ಎಂಥದ್ದೋ ಪೆಟ್ಟಿಗೆ ಹಾಕಿಸ್ಬೇಕಂತೆ. ಏಳೆಂಟು ಸಾವಿರ ಕೇಳ್ತಾ ಇದ್ದಾನೆ. ಕೊಡ್ಬೇಕಾ, ಬೇಡ್ವಾ?”

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಹೀಗೆ ಕೇಳಿದಾಗ ತಕ್ಷಣ ಉತ್ತರಿಸಲು ನನಗೆ ತಿಳಿಯಲಿಲ್ಲ. ಮನೆಖರ್ಚಿನಲ್ಲಿ ಉಳಿಸಿದ ಹಣ ಅವರದು. ರಸ್ತೆಗಿಳಿಯುವವನು ಅವರ ಮಗ. ಪರಿಚಯದ ಮೆಕ್ಯಾನಿಕ್ ಒಬ್ಬರ ಬಳಿ ಕುಳಿತು ವಿಷಯ ತಿಳಿದುಕೊಂಡೆ. ಇಂಥ ಬೇಡಿಕೆ ಇಂದು ಅನೇಕ ಮನೆಗಳಲ್ಲಿರುವುದರಿಂದ ಸಹೋದರಿಯರ ಮುಂದಿಡುತ್ತಿದ್ದೇನೆ.

ಏನಿದು ಪೆಟ್ಟಿಗೆ?

ಮೊದಲು ಬೈಕುಗಳಲ್ಲಿ ಕಾರ್ಬ್ಯುರೇಟರ್ ಇರುತ್ತಿತ್ತು. 2020ರ ಎಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಬಳಿಕ ಹೊಸ ಬೈಕುಗಳಲ್ಲಿ ಬಹುತೇಕ ಇಂಜೆಕ್ಟರ್ ಬಂದಿದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ‘ಇಸಿಯು’ ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪೆಟ್ಟಿಗೆ, ಅಂದರೆ ಫ್ಯೂಯಲ್ ಮಾಡ್ಯೂಲ್, ಇಸಿಯು ಮತ್ತು ಇಂಜೆಕ್ಟರ್ ನಡುವೆ ಕುಳಿತು, ಇಂಜೆಕ್ಟರ್ ತೆರೆದಿರುವ ಅವಧಿಯನ್ನು ತುಸು ಹೆಚ್ಚು ಕಡಿಮೆ ಮಾಡುತ್ತದೆ. ಅಮೆರಿಕದ ಡೈನೋಜೆಟ್‌ನ ‘ಪವರ್ ಕಮಾಂಡರ್’, ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ‘ಫ್ಯೂಯಲ್ ಎಕ್ಸ್’ ಈ ಜಾತಿಯವು.

ಯಾರಿಗೆ ಉಪಯೋಗ?

ಸೈಲೆನ್ಸರ್, ಏರ್ ಫಿಲ್ಟರ್ ಬದಲಾಯಿಸಿದಾಗ ಗಾಳಿಯ ಪ್ರಮಾಣ ಬದಲಾಗುತ್ತದೆ. ಆಗ ಪೆಟ್ರೋಲ್ ಸರಿಹೊಂದಿಸಲು ಇದು ನೆರವಾಗುತ್ತದೆ. ಏನನ್ನೂ ಬದಲಿಸದ ಬೈಕಿಗೆ ಸಿಗುವ ಲಾಭ ಅಲ್ಪ. ಪೆಟ್ರೋಲ್ ಹೆಚ್ಚಿಸುವ ಪೆಟ್ಟಿಗೆಯಿಂದ ಮೈಲೇಜ್ ಏರುತ್ತದೆಂದು ನಂಬುವುದಾದರೂ ಹೇಗೆ? ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್, ಹೆಚ್ಚಾದ ಪೆಟ್ರೋಲನ್ನು ಗುರುತಿಸಿ ಇಸಿಯುಗೆ ತಿಳಿಸುತ್ತದೆ. ಇಸಿಯು ಅದನ್ನು ಮತ್ತೆ ತಗ್ಗಿಸುತ್ತದೆ. ಆದ್ದರಿಂದ ಈ ಸೆನ್ಸರನ್ನೂ ಲೆಕ್ಕಕ್ಕೆ ತೆಗೆದುಕೊಂಡ, ಆಯಾ ಮಾದರಿಗೆಂದೇ ತಯಾರಾದ ಪೆಟ್ಟಿಗೆ ಮಾತ್ರ ಕೆಲಸಕ್ಕೆ ಬರುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ ‘ಚಿಪ್’ಗಳಲ್ಲಿ ಹಲವು ಒಂದು ರೆಸಿಸ್ಟರ್ ಮಾತ್ರ. ಗಾಳಿ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳುವುದೇ ಅದರ ಕೆಲಸ.

ಜೋಡಿಸುವಾಗ

ನಾನು ಕುಳಿತಿದ್ದಾಗಲೇ ಒಬ್ಬ ಯುವಕ ಬೈಕನ್ನು ತಳ್ಳಿಕೊಂಡು ಬಂದ. ಮಳೆಯಲ್ಲಿ ನಡುರಸ್ತೆಯಲ್ಲಿ ನಿಂತುಹೋಗಿತ್ತಂತೆ. ಬಿಚ್ಚಿ ನೋಡಿದರೆ, ಯಾರೋ ಕಂಪೆನಿಯ ವೈರನ್ನೇ ಕತ್ತರಿಸಿ ಬರಿಯ ಟೇಪ್ ಸುತ್ತಿದ್ದರು. ಒಳಗೆ ನೀರು ಸೇರಿ ತುಕ್ಕು ಹಿಡಿದಿತ್ತು. ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಜೋಡಣೆ. ಹಿಂದಿನಿಂದ ಲಾರಿಯೊಂದು ಬರುತ್ತಿದ್ದರೆ?

ಮೆಕ್ಯಾನಿಕ್ ಹೇಳಿದ ಎಚ್ಚರಿಕೆಗಳಿವು:

* ವೈರ್ ಕತ್ತರಿಸಬಾರದು. ಆ ಬೈಕಿಗೆ ಹೊಂದುವ ಕಪ್ಲರ್ ಇರುವುದನ್ನೇ ಕೊಳ್ಳಬೇಕು. ಬೇಡವಾದಾಗ ಅದನ್ನು ತೆಗೆದು ಮೊದಲಿನಂತೆ ಜೋಡಿಸಬಹುದು.
* ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಬಳಿಕವೇ ಕೆಲಸ ಆರಂಭಿಸಬೇಕು. ಟ್ಯಾಂಕ್ ಎತ್ತಬೇಕಾದರೆ ಪೆಟ್ರೋಲ್ ಪೈಪಿನಲ್ಲಿ ಒತ್ತಡವಿರುತ್ತದೆಂಬುದನ್ನು ಮರೆಯಬಾರದು.
* ಕಪ್ಲರ್ ‘ಟಕ್’ ಎಂದು ಕೂರಬೇಕು. ಅರ್ತ್ ವೈರ್ ಬ್ಯಾಟರಿಯ ನೆಗೆಟಿವ್‌ಗೆ ಬಿಗಿಯಾಗಿರಬೇಕು.
* ಪೆಟ್ಟಿಗೆಯನ್ನು ಸೀಟಿನಡಿ, ನೀರು ತಾಗದಲ್ಲಿ ಕಟ್ಟಬೇಕು. ವೈರ್ ಸೈಲೆನ್ಸರಿಗೆ ತಾಗಬಾರದು, ಟ್ಯಾಂಕಿನಡಿ ಸಿಲುಕಬಾರದು, ಹ್ಯಾಂಡಲ್ ತಿರುಗಿಸಿದಾಗ ಎಳೆಯಬಾರದು.
* ಎಂಜಿನ್ ಲ್ಯಾಂಪ್ ಆರದೆ ಉರಿಯುತ್ತಿದ್ದರೆ, ಕೆಲವು ದಿನಗಳಲ್ಲಿ ಸ್ಪಾರ್ಕ್ ಪ್ಲಗ್‌ನಲ್ಲಿ ಕಪ್ಪು ಮಸಿ ಕಂಡರೆ ಕೂಡಲೇ ಪರೀಕ್ಷಿಸಬೇಕು. ಅತಿಯಾದ ಪೆಟ್ರೋಲ್ ಸೈಲೆನ್ಸರ್‌ನೊಳಗಿನ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು.

ಕಾನೂನಿನ ಮಾತು

ಕಂಪೆನಿಯ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧ ಹೇರಿದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಬಹುದು. ವಾರಂಟಿಗೂ ಕುತ್ತು ಬರಬಹುದು. ಹಣ ಕೊಡುವ ಮೊದಲು ಶೋರೂಮಿನಲ್ಲಿಯೂ ಆರ್‌ಟಿಒ ಕಚೇರಿಯಲ್ಲಿಯೂ ವಿಚಾರಿಸಿಕೊಳ್ಳುವುದು ಒಳಿತು.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: “ಅವನ ಬೈಕಿನಲ್ಲಿ ಏನೂ ಬದಲಾಗಿಲ್ಲ, ಪೆಟ್ಟಿಗೆಯ ಅಗತ್ಯವೂ ಇಲ್ಲ. ಆ ಹಣದಲ್ಲಿ ಹಿಂದಿನ ಟಯರ್ ಬದಲಾಯಿಸಲಿ, ಅದು ಪೂರ್ತಿ ಸವೆದಿದೆ. ಒಳ್ಳೆಯ ಹೆಲ್ಮೆಟ್ ಒಂದು ಕೊಳ್ಳಲಿ.”

ಮಗ ಮುಖ ಊದಿಸಿಕೊಂಡ. ಆದರೆ ಮರುವಾರ ಹೊಸ ಟಯರ್ ತೋರಿಸಲು ಅವನೇ ಬಂದಿದ್ದ.