ರಾಕೆಟ್ ರಕೂನ್ ಮೊದಲು ಕಾಣಿಸಿಕೊಂಡದ್ದೆಲ್ಲಿ?

ಹಳೆಯ ಕಾಮಿಕ್ಸ್ ಸಂಗ್ರಹಿಸುವವರ ಲೋಕದಲ್ಲಿ ಒಂದು ಸಂಚಿಕೆಯ ಬೆಲೆಯನ್ನು ಅದರ ವಯಸ್ಸಿಗಿಂತ ಹೆಚ್ಚಾಗಿ ನಿರ್ಧರಿಸುವುದು, ಜನಪ್ರಿಯ ಪಾತ್ರವೊಂದು ಮೊತ್ತಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ ಹೌದೋ ಅಲ್ಲವೋ ಎಂಬ ಪ್ರಶ್ನೆ. ಅಮೆರಿಕದ ಮಾರ್ವೆಲ್ ಪ್ರಕಾಶನದ ಅಂತರಿಕ್ಷ ವೀರ ರಾಕೆಟ್ ರಕೂನ್‌ನ ವಿಷಯದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ರಕೂನ್ ಎಂಬುದು ಕಣ್ಣಿನ ಸುತ್ತ ಮುಖವಾಡದಂಥ ಕಪ್ಪು ಪಟ್ಟಿಯೂ ಬಳೆಬಳೆಯ ಬಾಲವೂ ಇರುವ ಉತ್ತರ ಅಮೆರಿಕದ ನಿಶಾಚರ ಪ್ರಾಣಿ. ನಮ್ಮ ಕಾಡುಗಳಲ್ಲಿ ಅದು ಇಲ್ಲದಿರುವುದರಿಂದ ಪರಭಾಷೆಯ ಹೆಸರೇ ಗತಿ.

ಲೇಖಕ ಬಿಲ್ ಮ್ಯಾಂಟ್ಲೊ ಮತ್ತು ಚಿತ್ರಕಾರ ಕೀತ್ ಗಿಫೆನ್ ಸೃಷ್ಟಿಸಿದ ಈ ಪಾತ್ರ 1976ರಲ್ಲಿ 'ಮಾರ್ವೆಲ್ ಪ್ರಿವ್ಯೂ' ಪತ್ರಿಕೆಯ 7ನೆಯ ಸಂಚಿಕೆಯಲ್ಲಿ, ಮುಖ್ಯ ಕಥೆಯ ಹಿಂದೆ ಬರುವ ಪೂರಕ ಕಥೆಯೊಂದರಲ್ಲಿ, ಕಪ್ಪು-ಬಿಳುಪು ಚಿತ್ರಗಳಲ್ಲಿ ಸದ್ದಿಲ್ಲದೆ ಬಂದುಹೋಯಿತು. ಅಲ್ಲಿ ಅದರ ಹೆಸರು ರಾಕೆಟ್ ಅಲ್ಲ, 1968ರ ಬೀಟಲ್ಸ್ ಹಾಡೊಂದನ್ನು ನೆನಪಿಸುವ 'ರಾಕಿ'. ಬಣ್ಣದ ಕಾಮಿಕ್ಸ್‌ಗೆ ಅದು ಪ್ರವೇಶಿಸಿದ್ದು, ರಾಕೆಟ್ ಎಂಬ ಹೆಸರನ್ನು ಪಡೆದದ್ದು ಆರು ವರ್ಷಗಳ ನಂತರ, 1982ರ ಮೇ ತಿಂಗಳ 'ದಿ ಇನ್‌ಕ್ರೆಡಿಬಲ್ ಹಲ್ಕ್' 271ನೆಯ ಸಂಚಿಕೆಯಲ್ಲಿ.

ಪತ್ರಿಕೆ ಬೇರೆ, ಕಾಮಿಕ್ ಪುಸ್ತಕ ಬೇರೆ ಎನ್ನುವವರು ಹಲ್ಕ್ ಸಂಚಿಕೆಯನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಈ ಭೇದ ಕೇವಲ ತರ್ಕಚಾಪಲ್ಯವಲ್ಲ. ದೊಡ್ಡ ಅಳತೆಯ ಕಪ್ಪು-ಬಿಳುಪು ಪತ್ರಿಕೆಗಳು, ಬಣ್ಣದ ಕಾಮಿಕ್ಸ್‌ನ ಕಥೆ-ಚಿತ್ರಗಳಿಗೆ ಮಿತಿ ಹಾಕಿದ್ದ 1954ರ 'ಕಾಮಿಕ್ಸ್ ಕೋಡ್' ಎಂಬ ಉದ್ಯಮದ ಸ್ವಯಂನಿಯಂತ್ರಣಕ್ಕೆ ಒಳಪಡದ, ಪ್ರತ್ಯೇಕ ಜಾತಿಯ ಪ್ರಕಟಣೆಗಳೇ ಆಗಿದ್ದವು. ಆದರೂ ಅದೇ ಲೇಖಕ ಅದೇ ಪ್ರಾಣಿಯನ್ನು ಬರೆದಿರುವಾಗ, ಹೆಸರು ಬದಲಾಯಿತೆಂಬ ಕಾರಣಕ್ಕೆ ಹುಟ್ಟನ್ನೇ ಮುಂದೂಡುವುದು ಒಪ್ಪತಕ್ಕ ವಾದವಾಗಿ ತೋರುವುದಿಲ್ಲ.

1985ರಲ್ಲಿ ಬಂದ ನಾಲ್ಕು ಸಂಚಿಕೆಗಳ ಕಿರುಸರಣಿಯನ್ನು ರಕೂನ್‌ನ ಹಂಗಿಲ್ಲದವರೂ ಹುಡುಕುತ್ತಾರೆ, ಏಕೆಂದರೆ ಅದರ ಚಿತ್ರಕಾರ ಮುಂದೆ 'ಹೆಲ್‌ಬಾಯ್' ಸೃಷ್ಟಿಸಿದ ಮೈಕ್ ಮಿನ್ಯೋಲ. ಆ ಕಾಲದ ಸಂಚಿಕೆಗಳಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಮುಖಪುಟದ ಮೂಲೆಯ ಚೌಕದಲ್ಲಿ ಬಾರ್‌ಕೋಡ್ ಇದ್ದರೆ ಅದು ಪತ್ರಿಕಾ ಮಳಿಗೆಯ ಪ್ರತಿ, ಅದರ ಬದಲು ಚಿತ್ರವಿದ್ದರೆ ಕಾಮಿಕ್ಸ್ ಅಂಗಡಿಗೆಂದು ಕಳಿಸಿದ ಪ್ರತಿ. ಮಾರಾಟವಾಗದ ಪ್ರತಿಯನ್ನು ಮರಳಿಸುವ ಸೌಲಭ್ಯ ಮಳಿಗೆಗಳಿಗಿತ್ತು, ಅಂಗಡಿಗಳಿಗೆ ಇರಲಿಲ್ಲ. ಅಂಗಡಿಯವರು ಉಳಿದದ್ದನ್ನು ಜೋಪಾನವಾಗಿ ತೆಗೆದಿಟ್ಟರೆ, ಮಳಿಗೆಯ ಪ್ರತಿಗಳು ಹಲವರ ಕೈಯಲ್ಲಿ ನಲುಗಿ ಕೊನೆಗೆ ರದ್ದಿಯಾದವು. ಹೀಗಾಗಿ ಸುಸ್ಥಿತಿಯಲ್ಲಿ ಉಳಿದ ಮಳಿಗೆ ಪ್ರತಿಗೆ ಈಗ ವಿಶೇಷ ಮನ್ನಣೆ.

2014ರ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಚಲನಚಿತ್ರದಲ್ಲಿ ಬ್ರ್ಯಾಡ್ಲಿ ಕೂಪರ್ ಈ ಪಾತ್ರಕ್ಕೆ ದನಿ ಕೊಟ್ಟ ಮೇಲೆ, ಅದುವರೆಗೆ ಅಗ್ಗದ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಹಳೆಯ ಸಂಚಿಕೆಗಳನ್ನು ಕೇಳುವವರು ಹೆಚ್ಚಿದರು. ಅದೇ ವರ್ಷ ಸ್ಕಾಟಿ ಯಂಗ್ ರೂಪಿಸಿದ ಹೊಸ ಸರಣಿಯ ಮೊದಲ ಸಂಚಿಕೆಯೂ ಭಾರಿ ಸಂಖ್ಯೆಯಲ್ಲಿ ಹೊರಬಂತು, ಆದರೆ ಮುದ್ರಣವಾದ ದಿನವೇ ಎಲ್ಲರೂ ಚೀಲಕ್ಕೆ ಹಾಕಿ ಕಾಪಾಡಿದ ಸಂಚಿಕೆಗೆ ಅಪರೂಪದ ಬೆಲೆ ಬರುವುದು ಹೇಗೆ?

ಹಳೆಯ ಕಾಮಿಕ್ಸ್ ಅಚ್ಚಾದದ್ದು ಮರದ ತಿರುಳಿನ ಅಗ್ಗದ ಕಾಗದದ ಮೇಲೆ. ಅದರಲ್ಲಿನ ಲಿಗ್ನಿನ್ ಎಂಬ ದ್ರವ್ಯ ಬೆಳಕು-ಗಾಳಿಗೆ ಹಳದಿಯಾಗುವುದರಿಂದ ಸಂಗ್ರಾಹಕರು ಆಮ್ಲರಹಿತ ರಟ್ಟನ್ನೂ ಪಾರದರ್ಶಕ ಚೀಲವನ್ನೂ ಬಳಸುತ್ತಾರೆ. ದುಬಾರಿ ಪ್ರತಿಗಳನ್ನು 2000ದಲ್ಲಿ ಆರಂಭವಾದ ಸಿಜಿಸಿಯಂಥ ಸಂಸ್ಥೆಗಳಿಗೆ ಕಳುಹಿಸಿದರೆ, ಅವು ಸ್ಥಿತಿಯನ್ನು ಪರೀಕ್ಷಿಸಿ ಹತ್ತರ ಮಾನದಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಮರಳಿಸುತ್ತವೆ. ಕವಚ ಒಡೆದರೆ ಅಂಕಕ್ಕೆ ಬೆಲೆಯಿಲ್ಲ. ಆದುದರಿಂದ ಮ್ಯಾಂಟ್ಲೊನ ಕಥೆಯನ್ನು ನಿಜಕ್ಕೂ ಓದಬೇಕೆನ್ನುವ ಸಂಗ್ರಾಹಕರು, ಹಾಳೆ ಮಡಿಚಿದ, ಮುಖಪುಟ ಸವೆದ ಇನ್ನೊಂದು ಪ್ರತಿಯನ್ನು 'ರೀಡರ್ ಕಾಪಿ' ಎಂಬ ಹೆಸರಿನಲ್ಲಿ ಬೇರೆಯಾಗಿ ಕೊಳ್ಳುತ್ತಾರೆ.