ನಿಮಗಿದು ಗೊತ್ತೇ? ಕಣಿ ಕೇಳಿದ ಮೂಳೆ, ಕುದುರೆ ಸೇರಿದ ಅಮ್ಮ

ಚೀನಾದ ಗ್ರಂಥಿಗೆ ಅಂಗಡಿಗಳಲ್ಲಿ ಒಂದು ಕಾಲಕ್ಕೆ ‘ಡ್ರ್ಯಾಗನ್ ಮೂಳೆ’ ಎಂಬ ಮದ್ದು ಸಿಗುತ್ತಿತ್ತು. ನೆಲದಲ್ಲಿ ಸಿಕ್ಕ ಹಳೆಯ ಮೂಳೆಯನ್ನು ಕುಟ್ಟಿ, ಪುಡಿ ಮಾಡಿ ಕುಡಿಸುವುದು. 1899ರಲ್ಲಿ ಬೀಜಿಂಗಿನ ವಿದ್ವಾಂಸ ವಾಂಗ್ ಯಿರೋಂಗ್ ಅಂಥ ಮೂಳೆಗಳ ಮೇಲಿನ ಗೀರುಗಳನ್ನು ನೋಡಿ, ಇವು ಅಕ್ಷರಗಳು ಎಂದು ಗುರುತಿಸಿದರು. ಮಲೇರಿಯಾ ಬಂದು ಮದ್ದು ತರಿಸಿದಾಗ ಕಣ್ಣಿಗೆ ಬಿತ್ತು ಅಂತೊಂದು ಕಥೆಯಿದೆ. ಕಥೆ ಎಂದೇ ಇಟ್ಟುಕೊಳ್ಳಿ. ಅಷ್ಟರೊಳಗೆ ಎಷ್ಟು ಚರಿತ್ರೆ ಕಷಾಯವಾಗಿ ಹೊಟ್ಟೆ ಸೇರಿತ್ತೋ!

ಆ ಮೂಳೆಗಳ ಊರು ಹೆನಾನ್ ಪ್ರಾಂತ್ಯದ ಆನ್ಯಾಂಗ್. ಶಾಂಗ್ ಅರಸರ ಕೊನೆಯ ರಾಜಧಾನಿ ಅಲ್ಲಿತ್ತು. 1928ರಲ್ಲಿ ಉತ್ಖನನ ಶುರುವಾಯಿತು. 1936ರಲ್ಲಿ ಒಂದೇ ಗುಂಡಿಯಲ್ಲಿ 17,000ಕ್ಕೂ ಹೆಚ್ಚು ತುಣುಕು ಸಿಕ್ಕವು. ಅತಿ ಹಳೆಯವಕ್ಕೆ ಸುಮಾರು 3,200 ವರ್ಷ.

ಬರೆದದ್ದೇನು? ಕಾವ್ಯವಲ್ಲ, ಲೆಕ್ಕಪತ್ರವೂ ಅಲ್ಲ. ಕಣಿ! ಆಮೆಯ ಹೊಟ್ಟೆಭಾಗದ ಚಿಪ್ಪು ಅಥವಾ ಎತ್ತಿನ ಹೆಗಲಮೂಳೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಕುಳಿ ಕೊರೆದು, ಅಲ್ಲಿ ಕಾಯಿಸಿದರೆ ಮುಂಬದಿಯಲ್ಲಿ ಬಿರುಕು ಬಿಡುತ್ತಿತ್ತು. ಆ ಬಿರುಕಿನಲ್ಲಿ ಪಿತೃಗಳ ಉತ್ತರ ಓದುತ್ತಿದ್ದರು. ಮಳೆ ಬರುತ್ತದೆಯೇ, ಯುದ್ಧಕ್ಕೆ ಹೋಗಬಹುದೇ, ಹಲ್ಲುನೋವಿಗೆ ಯಾವ ಹಿರಿಯರ ಮುನಿಸು ಕಾರಣ? ಪ್ರಶ್ನೆಯನ್ನು ಬಿರುಕಿನ ಪಕ್ಕದಲ್ಲೇ ಕೊರೆದಿಡುತ್ತಿದ್ದರು. ‘ಕಣಿ’ ಎನ್ನಲು ಚೀನೀಯರು ಇಂದಿಗೂ ಬರೆಯುವ ಅಕ್ಷರ ಒಂದು ನೆಟ್ಟನೆಯ ಗೀಟು, ಅದರ ನಡುವಿನಿಂದ ಬಲಕ್ಕೆ ಚಾಚಿದ ಒಂದು ತುಂಡು ಗೀಟು. ಥೇಟ್ ಬಿರುಕು.

ರಾಜ ವೂ ಡಿಂಗನ ರಾಣಿ ಫೂ ಹಾವೋ ಗರ್ಭಿಣಿ. ಹೆರಿಗೆ ಸುಸೂತ್ರವೇ ಎಂದು ಕೇಳಿದರು. ಇಂಥ ಎರಡು ದಿನಗಳಲ್ಲಿ ಹೆತ್ತರೆ ಶುಭ ಎಂದು ರಾಜನೇ ಬಿರುಕು ನೋಡಿ ನುಡಿದ. 31 ದಿನದ ಮೇಲೆ, ಆ ಎರಡೂ ಅಲ್ಲದ ದಿನ ಹೆರಿಗೆಯಾಯಿತು. ಒಳ್ಳೆಯದಾಗಲಿಲ್ಲ, ಹೆಣ್ಣು ಎಂಬ ಅರ್ಥದ ಷರಾ ಅದೇ ಚಿಪ್ಪಿನ ಮೇಲಿದೆ. ಹೆತ್ತವಳು ಯಾರು? 13,000 ಸೈನಿಕರನ್ನು ಕರೆದುಕೊಂಡು ದಂಡೆತ್ತಿ ಹೋದವಳು ಎಂದು ಇನ್ನೊಂದು ಮೂಳೆ ಹೇಳುತ್ತದೆ. ಕಳ್ಳರ ಕೈಗೆ ಸಿಗದೆ ಉಳಿದ ಅವಳ ಸಮಾಧಿ 1976ರಲ್ಲಿ ಸಿಕ್ಕಿತು. ಒಳಗೆ ಕಂಚಿನ ಯುದ್ಧಗೊಡಲಿಗಳೂ ಇದ್ದವು.

ಆ ಕಾಲದ ಅಕ್ಷರಗಳಲ್ಲಿ ಕುದುರೆ, ನಾಯಿ, ಹಂದಿ ಎಲ್ಲವೂ ಹಿಂಗಾಲಿನ ಮೇಲೆ ನೆಟ್ಟಗೆ ನಿಂತಿವೆ! ಸರ್ಕಸ್ಸೇನಲ್ಲ. ಕಿರಿದಾದ ಬಿದಿರಿನ ಪಟ್ಟಿಯ ಮೇಲೆ ಮೇಲಿಂದ ಕೆಳಕ್ಕೆ ಬರೆದು ರೂಢಿಯಾಗಿದ್ದರಿಂದ ಅಗಲದ ಪ್ರಾಣಿಯನ್ನು ಎಬ್ಬಿಸಿ ನಿಲ್ಲಿಸಿದರು ಎನ್ನುವುದು ವಿದ್ವಾಂಸರ ವಿವರಣೆ.

ಹಾಗಾದರೆ ಚೀನಿಯದು ಚಿತ್ರಲಿಪಿಯೇ? ನಮ್ಮಲ್ಲಿ ಬಹಳ ಜನ ಹಾಗೇ ತಿಳಿದಿದ್ದಾರೆ. ಅರ್ಧ ತಪ್ಪು, ಅರ್ಧಕ್ಕಿಂತ ಹೆಚ್ಚೇ ತಪ್ಪು. ಹತ್ತು ಅಕ್ಷರಗಳಲ್ಲಿ ಎಂಟಕ್ಕೂ ಹೆಚ್ಚು, ಅರ್ಥದ ಒಂದು ಸುಳಿವು ಮತ್ತು ಉಚ್ಚಾರದ ಒಂದು ಸುಳಿವು ಸೇರಿಸಿ ಕಟ್ಟಿದವು. ಅಮ್ಮನಿಗೆ ಚೀನಿಯಲ್ಲಿ ‘ಮಾ’. ಬರೆಯುವುದು ಹೇಗೆ? ‘ಹೆಣ್ಣು’, ಪಕ್ಕದಲ್ಲಿ ‘ಕುದುರೆ’. ಅಮ್ಮನಿಗೂ ಕುದುರೆಗೂ ಏನು ನಂಟು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕುದುರೆಗೂ ‘ಮಾ’ ಎನ್ನುತ್ತಾರೆ, ದನಿಯ ಏರಿಳಿತ ಮಾತ್ರ ಬೇರೆ. ಕುದುರೆ ಬಂದಿರುವುದು ಬರೀ ಸದ್ದಿಗೆ.

ಬೌದ್ಧ ಭಿಕ್ಷುಗಳು ಒಯ್ದ ಮಾತುಗಳಿಗೂ ಇದೇ ಉಪಾಯ ಒದಗಿತು. ‘ಸ್ತೂಪ’ಕ್ಕೆಂದು ‘ಮಣ್ಣು’ ಮತ್ತು ಒಂದು ಸದ್ದಿನ ಸುಳಿವು ಸೇರಿಸಿ ‘ಟಾ’ ಎಂಬ ಹೊಸ ಅಕ್ಷರ ಹುಟ್ಟಿತು. ಈಗ ಟವರಿಗೂ ಅದೇ. ಬುದ್ಧನನ್ನು ಕಾಡಿದ ಮಾರ ‘ಮೋ’ ಆದ. ನಮ್ಮ ‘ಕ್ಷಣ’ ಅಲ್ಲಿ ‘ಚಾನಾ’.

ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿ, ರಾಜ್ಯಕ್ಕೊಂದರಂತಿದ್ದ ಬರವಣಿಗೆಯನ್ನೂ ಒಂದೇ ಮಾಡಿಸಿದ. ಕ್ರಿ.ಶ. 100ರ ಹೊತ್ತಿಗೆ ಷೂ ಷೆನ್ ಎಂಬ ಪಂಡಿತ 9,353 ಅಕ್ಷರಗಳನ್ನು 540 ಗುಂಪು ಮಾಡಿ ನಿಘಂಟು ಬರೆದ. 1716ರ ಕಾಂಗ್‌ಷಿ ನಿಘಂಟಿನಲ್ಲಿ 47,035. ಹೆದರಬೇಡಿ, ನಿತ್ಯದ ಓದಿಗೆ ಮೂರೂವರೆ ಸಾವಿರ ಸಾಕು. (ನಮ್ಮ ಮಕ್ಕಳು ಕಾಗುಣಿತಕ್ಕೇ ಅಳುತ್ತಾರಲ್ಲ!)

1956ರಲ್ಲಿ ಚೀನಾ ಸರ್ಕಾರ ಅಕ್ಷರಗಳನ್ನು ಸರಳ ಮಾಡಲು ಹೊರಟಿತು. ಹತ್ತು ಗೀಟಿನ ಕುದುರೆ ಮೂರು ಗೀಟಿಗೆ ಇಳಿಯಿತು. ‘ಪ್ರೀತಿ’ಯ ನಡುವೆ ಇದ್ದ ‘ಹೃದಯ’ ಮಾಯವಾಯಿತು. ಹೃದಯವಿಲ್ಲದ ಪ್ರೀತಿ ಎಂಥದ್ದು ಎಂದು ವಿರೋಧಿಗಳು ಇಂದಿಗೂ ಚುಚ್ಚುತ್ತಾರೆ. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಹೃದಯ ಹಾಗೇ ಇದೆ.

ಹುನಾನ್ ಪ್ರಾಂತ್ಯದ ಜಿಯಾಂಗ್‌ಯೊಂಗ್‌ನಲ್ಲಿ ಹೆಂಗಸರು ಮಾತ್ರ ಬಳಸುತ್ತಿದ್ದ ಲಿಪಿಯೊಂದಿತ್ತು: ‘ನೂಷು’. ಒಂದು ಗುರುತಿಗೆ ಒಂದು ಉಚ್ಚಾರ. ಮದುವೆಯಾಗಿ ಹೋದ ಗೆಳತಿಗೆ ಅದರಲ್ಲೇ ಹಾಡು ಬರೆದು ಕಳಿಸುತ್ತಿದ್ದರು.

ಮೊಬೈಲಿನಲ್ಲಿ ಅಷ್ಟೊಂದು ಅಕ್ಷರ ಹೇಗೆ ಒತ್ತುತ್ತಾರೆ? ಹೆಚ್ಚಿನವರು ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಒತ್ತಿ, ತೆರೆಯ ಮೇಲೆ ಬಂದವುಗಳಲ್ಲಿ ಬೇಕಾದ್ದನ್ನು ಆರಿಸುತ್ತಾರೆ. ಅದಕ್ಕೆ ಆಧಾರ 1958ರಲ್ಲಿ ಜಾರಿಗೆ ಬಂದ ಪಿನ್‌ಯಿನ್. ರೂಪಿಸಿದವರಲ್ಲಿ ಪ್ರಮುಖರು ಝೌ ಯೌಗುವಾಂಗ್. ಮೂಲತಃ ಅರ್ಥಶಾಸ್ತ್ರಜ್ಞ. 2017ರಲ್ಲಿ ತೀರಿಕೊಂಡಾಗ ವಯಸ್ಸು 111.

ಮೂಳೆಗಳ ಮೇಲಿನ ಸುಮಾರು 4,500 ಅಕ್ಷರಗಳಲ್ಲಿ ಮೂರನೇ ಎರಡು ಪಾಲು ಇನ್ನೂ ಒಗಟು. ಬಿಡಿಸಿದವರಿಗೆ ಅಕ್ಷರಕ್ಕೆ 1 ಲಕ್ಷ ಯುವಾನ್ ಬಹುಮಾನ ಎಂದು ಆನ್ಯಾಂಗಿನ ವಸ್ತುಸಂಗ್ರಹಾಲಯ 2016ರಲ್ಲಿ ಸಾರಿತು.

ಕೊನೆಗೆ ನಮ್ಮದೊಂದು. ಹ್ಯೂಯೆನ್ ತ್ಸಾಂಗ್ 646ರಲ್ಲಿ ಮುಗಿಸಿದ ತನ್ನ ಪ್ರವಾಸಕಥನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ಹೆಸರು ಬರೆದಿದ್ದಾನೆ, ನಾಲ್ಕು ಅಕ್ಷರಗಳಲ್ಲಿ. ಬಿಡಿಬಿಡಿಯಾಗಿ ಅರ್ಥ ಮಾಡಿದರೆ: ತೇಪೆ ಹಾಕು, ಬಲೆ, ಪರಿಶೀಲಿಸು, ಮನೆ. ಇಂದಿನ ಬೀಜಿಂಗಿನವರು ಓದಿದರೆ ‘ಬೂ-ಲುವೊ-ಜೀ-ಷ’. ಅವನ ಕಾಲದ ಉಚ್ಚಾರದಲ್ಲಿ ‘ಪು-ಲ-ಕೇ-ಶ’ಕ್ಕೆ ಹತ್ತಿರ.